ಮಣ್ಣು ಕಾಣದ ರೂಪಾಯಿ

ಹಿಂದೂಪುರದ ಕಡೆಗೆ ರೈಲು ಹೋಗುತ್ತಿದೆ, ಮನೆಯ ಕಿಟಕಿಯ ಗಾಜು ನಡುಗುತ್ತಿದೆ, ಮೇಜಿನ ಕರಿ ಬಟ್ಟೆಯ ಮೇಲೆ ಬೆಳ್ಳಿ ರೂಪಾಯಿ, ಭೂತಗನ್ನಡಿ ಹಿಡಿದು ಬಗ್ಗಿದ ಮಧುಸೂದನ, ಮೊದಲು ಮುಖ, ಆಮೇಲೆ ಅಂಚು, ಆಮೇಲೆ ಬೆನ್ನು, ಗೌರಿಬಿದನೂರಿನಲ್ಲಿ ಯಾರ ಪೆಟ್ಟಿಗೆಯಿಂದ ಹಳೇ ನಾಣ್ಯ ಹೊರಬಿದ್ದರೂ ಈ ಮೇಜಿಗೇ ಬರುತ್ತದೆ, ಅಸಲಿಯೋ ನಕಲಿಯೋ, ಎಷ್ಟು ಸವೆದಿದೆ, ಹುಣಸೆಹಣ್ಣು ಹಾಕಿ ಉಜ್ಜಿ ಕೆಡಿಸಿದ್ದಾರೋ ಹೇಗೆ, ಇವತ್ತು ತಂದವಳು ಸ್ವಂತ ಅಕ್ಕ, ಅನಸೂಯಮ್ಮ, ಜಂಗಮಕೋಟೆಯಿಂದ ಬಸ್ಸು ಬದಲಾಯಿಸಿಕೊಂಡು ಬಂದು ಎದುರಿಗೆ ಕೂತಿದ್ದಾಳೆ, ಲೋಟ ಹಿಡಿದ ಬೆರಳಲ್ಲಿ ಹಿಪ್ಪುನೇರಳೆ ಸೊಪ್ಪಿನ ಹಸಿರು, ನೋಡೋ ಮಧು, ಚೆನ್ನಾಗಿದ್ರೆ ಕೊಂಡಿ ಬೆಸೆಸಿ ಮೊಮ್ಮಗಳ ಕೊರಳಿಗೆ ಹಾಕಣ ಅಂತಿದೀನಿ, ನಾಮಕರಣಕ್ಕೆ, ಅಮ್ಮ ಕೊಟ್ಟಿದ್ದು ಕಣೋ, ಹಾಸಿಗೆ ಹಿಡಿದಾಗ ಕೈಯಾರೆ ಕೊಟ್ಟಳು.

ಸರಿ, ಐದನೇ ಜಾರ್ಜು, ಕಿರೀಟದ ಹರಳುಗಳು ಇನ್ನೂ ಬಿಡಿಬಿಡಿ, ಎದೆಯ ಮೇಲಿನ ಪುಟ್ಟ ಆನೆಯ ಸೊಂಡಿಲು ಸವೆದಿಲ್ಲ, ಹುಬ್ಬು ಕೊಂಚ ತೇದಿದೆ, ಕಿವಿ ತೇದಿಲ್ಲ, ಒಳ್ಳೇ ದರ್ಜೆ, ಇಂಥದು ಕೈಗೆ ಬರುವುದೇ ಅಪರೂಪ — ಅಂಚು, ಅಂಚಿನಲ್ಲಿ ಕಿರೀಟದ ನೇರಕ್ಕೆ ಅಕ್ಕಿಕಾಳಿನಷ್ಟು ಒಂದು ಕಚ್ಚು, ಅಡಕೆಕತ್ತರಿಯ ಕಚ್ಚು, ಬೆಳ್ಳಿಯೋ ಸೀಸವೋ ನೋಡ್ತೀನಿ ತಡಿ ಅಂತ ಅಮ್ಮ ಅಡಕೆಕತ್ತರಿಗೆ ಕೊಟ್ಟಿದ್ದಳು, ಹಾಳು ಮಾಡಿಬಿಟ್ಯಲ್ಲಮ್ಮ ಅಂತ ಅವನೇ ಕೂಗಾಡಿದ್ದ, ನನ್ನ ರೂಪಾಯಿ ನನ್ನಿಷ್ಟ, ನಾನು ಸತ್ರೆ ಇದ್ನೇ ನನ್ನ ಹಣೆಗಿಕ್ಕು ಅಂದು ನಕ್ಕಿದ್ದಳು ಅಮ್ಮ, ಗಂಗುಲಮ್ಮ, ಇಕ್ಕಿದ್ದ, ಅವನೇ ಇಕ್ಕಿದ್ದ, ಹಸಿ ವಿಭೂತಿ ಬಳಿದ ಹಣೆಯ ಮೇಲೆ ಈ ಹೆಬ್ಬೆರಳಿಂದ ಒತ್ತಿ, ಹಣೆಯೂ ತಣ್ಣಗೆ, ಕಾಸೂ ತಣ್ಣಗೆ, ಹಾಳಾದ ಬೆರಳು ಆ ಹೊತ್ತಿನಲ್ಲೂ ರಾಜನ ಗಡ್ಡದ ಎಳೆ ಎಷ್ಟು ಚೂಪಾಗಿದೆ ಅಂತ ನೋಡಿತ್ತು, ಹುಟ್ಟುಗುಣ ಸುಟ್ಟರೂ ಹೋಗಲ್ಲ, ಅವರ ಮನೆತನದಲ್ಲಿ ಹಣೆಯ ಕಾಸನ್ನು ಯಾರೂ ತೆಗೆಯುವುದಿಲ್ಲ, ಅದು ಸತ್ತವರ ದಾರಿಖರ್ಚು, ಹೆಣದ ಜೊತೆ ಮಣ್ಣಿಗೆ, ಗುಂಡಿಗೆ ಇಳಿಸಿದಾಗ ಬಗ್ಗಿ ನೋಡಿದ್ದ, ಕಾಸಿರಲಿಲ್ಲ, ಬಿಳಿ ಹಣೆಯ ನಡುವೆ ದುಂಡಗೆ ಒಂದು ಬರಿ ಜಾಗ, ಜಾರಿ ಬಟ್ಟೆಯೊಳಗೆ ಬಿದ್ದಿರ್ತದೆ ಬಿಡಪ್ಪ ಅಂದರು ಹಿರಿಯರು, ಎಲ್ಲರೂ ಮಣ್ಣು ಹಾಕಿದರು, ಅವನೂ ಹಾಕಿದ.

ಬೆನ್ನು ತಿರುಗಿಸು, ಮಣ್ಣಲ್ಲಿದ್ದ ಬೆಳ್ಳಿಯನ್ನು ಅವನು ಕಂಡಿಲ್ಲವೇ, ಮಂಚೇನಹಳ್ಳಿಯಲ್ಲಿ ಪಾಯ ತೋಡಿದವರು ತಂದಿದ್ದರಲ್ಲ, ಮೈಯೆಲ್ಲ ಕಪ್ಪು ಹಕ್ಕಳೆ, ಕೆರೆದರೂ ಬಿಡದು, ಇದಕ್ಕೆ ಅದಿಲ್ಲ, ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟ ಬೆಳ್ಳಿಗೆ ಬರುವ ತೆಳು ಕಂದು, ಅಂಚಿಗೆ ನೀಲಿ, ಅಕ್ಷರಗಳ ಸಂದಿಯಲ್ಲಿ ಒಣಗಿದ ಬಿಳಿ, ವಿಭೂತಿ, ಅಂದರೆ ಚಟ್ಟಕ್ಕೆ ಏರಿಸುವ ಮುಂಚೆ ಎಲ್ಲಾ ಸ್ವಲ್ಪ ಆಚೆ ಹೋಗ್ರಪ್ಪ, ಅಮ್ಮನ ಮುಖ ಒಂದ್ಸಲ ಒರೆಸ್ತೀನಿ ಅಂದವಳು — ಬೇಡ, ಬೇಡ, ಅಮ್ಮನ ಹೇಲು ಉಚ್ಚೆ ಬಳಿದವಳೂ ಇವಳೇ, ಅವನು ಭಾನುವಾರ ಮೂಸಂಬಿ ಹಿಡಿದುಕೊಂಡು ಹೋಗಿ ಬರುತ್ತಿದ್ದ ಅಷ್ಟೆ, ಬೆಳ್ಳಿ ರೂಪಾಯಿ ಎಲ್ಲಾ ಒಂದೇ ಥರ ಅಂತ ನಂಬಿ ಅವನ ಹತ್ತಿರಕ್ಕೇ ತಂದಿದ್ದಾಳಲ್ಲ ಪಾಪಿ, ಪಾಪ, ಸುಮ್ಮನಿದ್ದರೆ ಹೆಣದ ಹಣೆಯ ಕಾಸು ಹಸುಗೂಸಿನ ಕೊರಳಿಗೆ, ಬಾಯಿ ಬಿಟ್ಟರೆ ಅಕ್ಕ ಈ ಹೊಸಿಲು ಮತ್ತೆ ತುಳಿಯುವುದಿಲ್ಲ, ಒಡಹುಟ್ಟು ಅಂತ ಇನ್ನು ಯಾರಿದ್ದಾರೆ ಅವನಿಗೆ, ಅತ್ತ ದರಿ ಇತ್ತ ಪುಲಿ, ಚೆನ್ನಾಗಿಲ್ಲ ಬಿಡಕ್ಕ, ಬೇರೆ ಕೊಡ್ತೀನಿ ಅಂತ ಒಂದು ಸುಳ್ಳು ಹೇಳಿದರಾಯಿತು, ಹೇಳು, ಏನೋ ಅವಾಗ್ಲಿಂದ ನೋಡ್ತಾನೇ ಇದೀಯ, ಹೇಳಪ್ಪ, ಇಲ್ನೋಡು ನಮ್ಮ ಕೂಸು ಹೆಂಗ್ ನಗ್ತೈತೆ ಅಂತ ಅಕ್ಕ ಫೋನು ಮುಂದೆ ಹಿಡಿದಳು, ದೃಷ್ಟಿಯಾಗದಿರಲಿ ಅಂತ ಕೂಸಿನ ಹಣೆಯ ನಡುವೆ ಕಾಸಗಲ ಕಾಡಿಗೆ ಬೊಟ್ಟು, ದುಂಡಗೆ, ಅಷ್ಟೇ ದುಂಡಗೆ — ಚೆನ್ನಾಗಿದೆ ಅಕ್ಕ, ಬಾಯಿ ತಾನಾಗಿಯೇ ಅಂದಿತು, ಬಹಳ ಚೆನ್ನಾಗಿದೆ, ಮಣ್ಣು ಕಂಡಿಲ್ಲ.

ಲೋಟ ತುಟಿಯ ಹತ್ತಿರವೇ ನಿಂತಿತು, ಅಕ್ಕ ಅದನ್ನು ಕೆಳಗಿಟ್ಟಳು, ಮಣ್ಣಿಗೆ ಕೊಡೋಕೆ ಇತ್ತು ಕಣೋ ಅಮ್ಮನ ಹತ್ರ, ನಂಗೆ ಕೊಡೋಕೆ ಏನೂ ಇರ್ಲಿಲ್ಲ, ಅಂದಳು ಮೆಲ್ಲಗೆ, ತಾ ಇಲ್ಲಿ, ಕೈ ಚಾಚಿದಳು, ಕೊಡಬೇಕು, ಯಾರಿಗೆ ಕೊಡಬೇಕು, ಮುಚ್ಚಿದ ಗುಂಡಿ ಮತ್ತೆ ತೆಗೆಸುವುದುಂಟೇ, ಅಂಚು ಹಿಡಿದ ಬೆರಳು ಬಿಡುತ್ತಿಲ್ಲ, ರೈಲು ಹೋಗಿ ಆಗಿದೆ, ಗಾಜು ಸುಮ್ಮನಾಗಿದೆ, ಅಕ್ಕನ ಕೈ ಇನ್ನೂ ಚಾಚಿಯೇ ಇದೆ, ಬಿಳಿ ಹಣೆ, ನಡುವೆ ದುಂಡಗೆ ಬರಿ ಜಾಗ, ಬಿಳಿ ಹಣೆ, ದುಂಡಗೆ, ಬರಿ ಜಾಗ