ಸಿಮೆಂಟು ತುಂಬಿದ ಜಾಲಿ ಬೀಜ

ನಮ್ಮಮ್ಮ ಸಾಯುವವರೆಗೂ ಅಳಿಯನ ಮುಂದೆ ಬಾಯಿ ತೆರೆದು ನಗಲಿಲ್ಲ. ಮರ್ಯಾದೆಗಲ್ಲ, ಭಯಕ್ಕೆ. ಅಳಿಯ ಹಲ್ಲಿನ ಡಾಕ್ಟರು. ಯಾರಾದರೂ ಆಕಳಿಸಿದರೆ ಸಾಕು, ನಮ್ಮವರ ಕಣ್ಣು ದವಡೆಯ ತನಕ ಹೋಗಿಬರುತ್ತದೆ.

ಅಮ್ಮ ಹೋದ ಮೇಲೆ ಅವಳ ಮನೆ ಕೊಂಡವರು ಮೊದಲು ಮಾಡಿದ ಕೆಲಸವೆಂದರೆ ಅಂಗಳದ ಜಾಲಿ ಗಿಡ ಕಡಿದದ್ದು. ಹಳದಿ ಹೂವಿನ ಗಿಡ, ಅಮ್ಮನೇ ನೆಟ್ಟದ್ದು. ಒಣಗಿದ ಕಾಯಿಗಳಿಂದ ನನಗೆ ದಕ್ಕಿದ್ದು ಎಂಟೇ ಬೀಜ. ನಾಲ್ಕನ್ನು ಕುಂಡಕ್ಕೆ ಹಾಕಿ ಎರಡು ತಿಂಗಳು ನೀರೆರೆದೆ. ಜಪ್ಪಯ್ಯ ಅಂದರೂ ಮೊಳೆಯಲಿಲ್ಲ. ಕೊನೆಗೆ ಇರುವೆಗಳು ಹೊತ್ತೊಯ್ದವು.

ನರ್ಸರಿಯವನು ನಕ್ಕ. "ಅದರ ಸಿಪ್ಪೆ ಕಲ್ಲಿದ್ದ ಹಾಗೆ ಅಮ್ಮಾ. ಒಂದು ಕಡೆ ಚೂರು ತೂತು ಮಾಡಿ ಹಾಕಿ. ನೀರು ಒಳಗೆ ಹೋಗ್ಬೇಕು ತಾನೇ?"

ತೂತು ಎಂದ ಕೂಡಲೇ ನಮ್ಮವರ ಮುಖ ಅರಳಿತು. "ಕೊಡು ಇಲ್ಲಿ. ಮೂವತ್ತು ವರ್ಷದಿಂದ ನಾನು ಇನ್ನೇನು ಮಾಡ್ತಿದ್ದೀನಿ?"

ಭಾನುವಾರ ಕ್ಲಿನಿಕ್ಕಿನಲ್ಲಿ ದೀಪ ಬಗ್ಗಿಸಿ, ಬೀಜವನ್ನು ಚಿಮುಟದಲ್ಲಿ ಹಿಡಿದು, "ಸ್ವಲ್ಪ ಜುಮ್ ಅನ್ಸತ್ತೆ, ಅಷ್ಟೇ" ಎಂದು ಬೀಜಕ್ಕೇ ಧೈರ್ಯ ಹೇಳಿ ಡ್ರಿಲ್ಲು ಶುರು ಮಾಡಿದರು. ಆ ಸದ್ದು ಅಮ್ಮನ ಹಾಗೆ ನನಗೂ ಆಗದು. ಹೊರಗೆ ಹೋಗಿ ಕುಳಿತೆ. ಅದೇ ತಪ್ಪಾಯಿತು.

ನಾಲ್ಕೂ ಬೀಜಗಳನ್ನು ಅವರೇ ತಂದು ನೆಟ್ಟರು. ಇಪ್ಪತ್ತು ದಿನವಾದರೂ ಕುಂಡ ಬೋಳು. ತಡೆಯಲಾಗದೆ ಒಂದನ್ನು ಕೆದಕಿ ತೆಗೆದೆ. ಕಪ್ಪು ಬೀಜದ ಮೇಲೆ ಬೆಳ್ಳಗೆ ಹೊಳೆಯುವ ಚುಕ್ಕೆ. ಬೂಸ್ಟು ಹಿಡಿದಿದೆಯೆಂದು ಕೆರೆದೆ, ಉಗುರೇ ಮುರಿಯಿತು. ಪೇಪರು ಓದುತ್ತಿದ್ದವರ ಮೂಗಿನ ಕೆಳಗೆ ಹಿಡಿದೆ.

"ರೀ, ಏನಿದು?"

ಕನ್ನಡಕ ಏರಿಸಿ, ತಿರುಗಿಸಿ ನೋಡಿದರು. "ಫಿಲ್ಲಿಂಗು. ಚೆನ್ನಾಗಿ ಕೂತಿದೆ."

ಆಮೇಲೆ ಅವರಿಗೇ ಹೊಳೆಯಿತು. ಪೇಪರು ನಿಧಾನವಾಗಿ ಕೆಳಗಿಳಿಯಿತು. "ಕೈ ತಾನಾಗೇ ಹೋಗ್ಬಿಡ್ತು ಕಣೇ. ತೂತು ಮಾಡಿ ಹಾಗೇ ಬಿಟ್ಟು ಅಭ್ಯಾಸ ಇಲ್ಲ."

"ಅಮ್ಮನ ಗಿಡದ್ದು ಅಂತ ಉಳಿದಿದ್ದೇ ನಾಲ್ಕು. ಅದಕ್ಕೂ ಸಿಮೆಂಟು ಮೆತ್ತಿದ್ರಾ?" ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. ಅವರು ಪೆಚ್ಚುಮೋರೆ ಹಾಕಿಕೊಂಡು ಚಪ್ಪಲಿ ಮೆಟ್ಟಿದರು. ಉಳಿದ ಮೂರನ್ನೂ ಕೆದಕಿಕೊಂಡು ನಾನೂ ಹಿಂದೆಯೇ ಕ್ಲಿನಿಕ್ಕಿಗೆ ಹೊರಟೆ.

ಈ ಸಲ ಪಕ್ಕದಿಂದ ಕದಲಲಿಲ್ಲ. ಸಿಮೆಂಟು ತೆಗೆಯುವಾಗ ಮೊದಲ ಬೀಜ ಎರಡು ಹೋಳಾಯಿತು. ಎರಡನೆಯದೂ. ರೋಗಿಗಳ ಮುಂದೆ ಎಂದೂ ಬೆವರದ ಮನುಷ್ಯ ಬೆವರು ಒರೆಸಿಕೊಂಡರು. ಉಳಿದೆರಡರಲ್ಲಿ ಬೀಜ ಒಡೆಯದೆ ಸಿಮೆಂಟು ಮಾತ್ರ ಪುಡಿಪುಡಿಯಾಗಿ ಬಂತು. ಬಂದದ್ದೇ ತಡ, ಅವರ ಎಡಗೈ ಸಿಮೆಂಟಿನ ಡಬ್ಬಿಯತ್ತ ಹೊರಟಿತು.

"ರೀ, ಕೈ!" ಎಂದು ಮಣಿಕಟ್ಟು ಹಿಡಿದುಕೊಂಡೆ. ನಾಲಗೆ ಕಚ್ಚಿಕೊಂಡರು.

ಆ ಎರಡನ್ನು ಮತ್ತೆ ನೆಟ್ಟ ಒಂಬತ್ತನೆಯ ದಿನ ಬೆಳಿಗ್ಗೆ ಹಿತ್ತಿಲಿನಿಂದ ನನ್ನನ್ನು ಕೂಗಿದರು. ಹೋಗಿ ನೋಡಿದರೆ ಕುಂಡದ ಮುಂದೆ ಮಂಡಿಯೂರಿ, ಹಲ್ಲು ನೋಡುವ ಪುಟ್ಟ ಕನ್ನಡಿ ಹಿಡಿದು ಕೂತಿದ್ದಾರೆ. ಒಂದು ಬೀಜ ಬಿರಿದು, ಎರಡು ಹಸಿರು ಎಲೆ ಅಗಲಿಸಿ ನಿಂತಿತ್ತು.

"ನೋಡೇ," ಎಂದು ಪಿಸುಗುಟ್ಟಿದರು, "ಅತ್ತೆ ಬಾಯಿ ತೆರೆದ್ರು."

ನಗಲು ಹೋಗಿ ಅತ್ತುಬಿಟ್ಟೆ. ಅವರು ಪರೀಕ್ಷೆ ಗಿರೀಕ್ಷೆ ಏನೂ ಮಾಡದೆ ಕನ್ನಡಿಯನ್ನು ಜೇಬಿಗೆ ಸೇರಿಸಿದರು.