ಬೆನ್ನಿಲ್ಲದ ಕೋಟು

ಒಮ್ಮೆ ನಾನು ಸೂರ್ಯನಿಗೇ ಅಂಗಿ ಹೊಲಿದುಕೊಟ್ಟಿದ್ದೆ. ತೊಟ್ಟವನೇ ತಣ್ಣಗಾಗಿ ಮೂರು ದಿನ ಮೂಡಲೇ ಇಲ್ಲ. ಜನ ಗೋಳಾಡಿದ ಮೇಲೆ ನಾನೇ ಹೋಗಿ ಬಿಚ್ಚಿಸಿಕೊಂಡು ಬಂದೆ. ಅಂಥ ಟೈಲರಿಗೆ ಹೋಟೆಲಿನ ಕೋಟು ಯಾವ ಲೆಕ್ಕ?

ನಮ್ಮೂರ ದೊಡ್ಡ ಹೋಟೆಲಿನ ಯೂನಿಫಾರ್ಮೆಲ್ಲ ನನ್ನ ಅಂಗಡಿಯದೇ. ರಿಸೆಪ್ಷನ್ ಮೇಜಿನಲ್ಲಿ ಕೂರುವವಳನ್ನು ಎಲ್ಲರೂ ‘ನಗುಮುಖ’ ಅನ್ನುತ್ತಾರೆ. ಅವತ್ತು ಮುಖ ಬಾಡಿಸಿಕೊಂಡು ಬಂದವಳು, ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ನನ್ನಾಕೆಯ ಕಿವಿಯಲ್ಲಿ ಪಿಸುಗುಟ್ಟಿದಳು. ನನಗೆ ಕೇಳಿಸದ ಪಿಸುಮಾತು ಲೋಕದಲ್ಲಿ ಇನ್ನೂ ಹುಟ್ಟಿಲ್ಲ.

“ಅಕ್ಕಾ, ಮುಟ್ಟು ನಿಲ್ಲೋ ಕಾಲ ನಂದು. ಇದ್ದಕ್ಕಿದ್ದ ಹಾಗೆ ಎದೆಯಿಂದ ನೆತ್ತಿವರೆಗೆ ಬೆಂಕಿ ಏರುತ್ತೆ. ನಿನ್ನೆ ಜನರ ಎದುರೇ ಕೋಟು ಬಿಚ್ಚಿಬಿಟ್ಟೆ. ಇನ್ನೊಂದು ಸಲ ಬಿಚ್ಚಿದ್ರೆ ಒಳಗೆ ಬಟ್ಟೆ ಮಡಚೋ ಕೋಣೆಗೆ ಹಾಕ್ತೀನಿ ಅಂದಿದಾರೆ ಮ್ಯಾನೇಜರು. ನಾಳೆ ಮಾಲೀಕರಮ್ಮ ಬೇರೆ ಬರ್ತಾರೆ. ನಾಲ್ಕು ಜನರ ಮುಖ ನೋಡದೆ ನಾನು ಬದುಕ್ತೀನಾ?”

ಅವಳ ಬೆವರು ಹೊಸ್ತಿಲು ದಾಟಿ ಹರಿದು, ಬೀದಿಯಲ್ಲಿ ಬಾತುಕೋಳಿಗಳು ಈಜತೊಡಗಿದವು. ತಕ್ಷಣ ಹೊಳೆಯಿತು ನನಗೆ! ಕೋಟಿನ ಬೆನ್ನನ್ನೇ ಕತ್ತರಿಸಿ ತೆಗೆದು, ಆ ಜಾಗಕ್ಕೆ ನೆಟ್ ಬಟ್ಟೆ. ಒಳಗೆ ತೆಳು ಹತ್ತಿಯ ಅಂಗಿ. ಮುಂದಿನಿಂದ ನೋಡಿದರೆ ಕಾಲರು, ಗುಂಡಿ ಎಲ್ಲ ಠಾಕುಠೀಕು. ಹಿಂದಿನಿಂದ ತೆರೆದ ಕಿಟಕಿ!

“ತಂಗೀ, ಯಾರಿಗೂ ಬೆನ್ನು ತೋರಿಸಬೇಡ, ಅಷ್ಟೇ,” ಅಂದೆ.

ಮರುದಿನ ನಾನೂ ಹೋಗಿ ಹೋಟೆಲಿನ ಕಂಬದ ಹಿಂದೆ ನಿಂತೆ. ನನ್ನ ಎದೆ ಹೊಡೆದುಕೊಳ್ಳುತ್ತಿದ್ದ ರಭಸಕ್ಕೆ ಕಂಬದ ಗಾರೆ ಉದುರುತ್ತಿತ್ತು. ಬಂದರು ಮಾಲೀಕರಮ್ಮ, ಐವತ್ತು ದಾಟಿದ ಗಟ್ಟಿಗಿತ್ತಿ. ನಗುಮುಖ ನಕ್ಕಳು. ಮ್ಯಾನೇಜರು ಮೀಸೆ ತಿರುವಿದ. ಎಲ್ಲ ಸಸೂತ್ರ ಅನ್ನುವಷ್ಟರಲ್ಲಿ ಮಾಲೀಕರಮ್ಮ ಅಂದರು, “ನನ್ನ ಕೋಣೆ ಕೀಲಿ ಕೊಡಮ್ಮ.”

ಕೀಲಿಗಳೆಲ್ಲ ಇದ್ದದ್ದು ಅವಳ ಹಿಂದಿನ ಗೋಡೆಯಲ್ಲಿ! ಸೂರ್ಯನ ಅಳತೆ ತೆಗೆದವನಿಗೆ ಇದು ಹೊಳೆದಿರಲಿಲ್ಲ. ಇಪ್ಪತ್ತು ವರ್ಷದ ಅಭ್ಯಾಸ ನೋಡಿ, ಗಕ್ಕನೆ ತಿರುಗಿಯೇಬಿಟ್ಟಳು.

ಮ್ಯಾನೇಜರನ ಬಾಯಿ ಎಷ್ಟು ಅಗಲ ತೆರೆಯಿತೆಂದರೆ, ಅದರೊಳಗೆ ಲಿಫ್ಟು ಓಡಿಸಬಹುದಿತ್ತು. “ಏನಮ್ಮಾ ಈ ಅವಮಾನ! ಇವತ್ತಿಂದಲೇ ನೀನು ಒಳಗೆ...”

“ನೀವು ಸ್ವಲ್ಪ ಸುಮ್ಮನಿರಿ.” ಮಾಲೀಕರಮ್ಮ ಮೇಜು ಬಳಸಿ ಹೋಗಿ ನೆಟ್ ಬಟ್ಟೆ ಮುಟ್ಟಿ ನೋಡಿದರು. ಹಾಗೇ ತಮ್ಮ ಕತ್ತಿನ ಬೆವರು ಒರೆಸಿಕೊಂಡರು. “ಯಾವಾಗಿಂದ ಹೀಗೆ?”

“ಒಂದು ವರ್ಷ ಆಯ್ತಮ್ಮಾ.”

“ನಂಗೆ ಮೂರು. ಒಂದು ಮಾತು ಹೇಳಬಾರದಿತ್ತೇನೇ? ನಾನು ಮಾತ್ರ ಯಾರಿಗೆ ಹೇಳಿದೀನಿ ಬಿಡು!” ಮ್ಯಾನೇಜರನತ್ತ ತಿರುಗಿದರು. “ಇವಳು ಇಲ್ಲೇ ಇರ್ತಾಳೆ. ಮೇಜಿಗೊಂದು ಫ್ಯಾನು ಹಾಕಿಸಿ. ಇನ್ಮೇಲೆ ಬೇಕಾದವರು ಮಾತ್ರ ಕೋಟು ಹಾಕ್ಕೊಳ್ಳಲಿ. ಯಾರ್ರೀ ಇದನ್ನ ಹೊಲಿದಿದ್ದು? ನಂಗೂ ಒಂದು ಬೇಕು!”

ಕಂಬದ ಹಿಂದಿನಿಂದ ಹಾರಿ ಬಂದೆ. “ನಾನೇ ತಾಯೀ! ಹೆಂಗಸರ ಕಷ್ಟ ಅಂದ್ರೆ ನನಗೆ ಅಂಗೈ ನೆಲ್ಲಿಕಾಯಿ!”

ನಗುಮುಖ ಕಿಸಕ್ಕನೆ ನಕ್ಕಳು. “ಅಣ್ಣಾ, ಕತ್ತರಿ ಯಾರ ಕೈಲಿತ್ತು ಅಂತಾನೂ ಹೇಳಿಬಿಡಿ. ನಾನು ಅಲ್ಲೇ ಇದ್ದೆನಲ್ಲ!”

ಸಿಕ್ಕಿಬಿದ್ದೆ. ನಿಜ ಹೇಳಿಬಿಡುತ್ತೇನೆ. ‘ದಪ್ಪ ಲೈನಿಂಗ್ ಹಾಕೋಣ, ಬೆವರು ಹೀರುತ್ತೆ’ ಅಂದವನು ನಾನು. ಕತ್ತರಿ ಕಿತ್ತುಕೊಂಡು ಕೋಟಿನ ಬೆನ್ನು ಸೀಳಿದವಳು ನನ್ನಾಕೆ. “ಎರಡು ವರ್ಷದಿಂದ ರಾತ್ರಿ ಸೆಕೆ ತಡೀದೆ ನಾನು ತೆಗೆದ ಕಿಟಕಿ ಮುಚ್ಚುತ್ತಾ ಬಂದಿದೀರಿ. ಇದನ್ನಾದ್ರೂ ತೆರೆದಿಡಿ!” ಅಂದಳು. ಅವಳಿಗೂ ಹೀಗೇ ಅಂತ ನನಗೆ ಗೊತ್ತಾದದ್ದೇ ಆಗ.

ಈಗ ನಮ್ಮ ಮನೆಯ ಕಿಟಕಿ ಮುಚ್ಚುವುದಿಲ್ಲ. ನಾನು ಏಳು ಕಂಬಳಿ ಹೊದ್ದು ಮಲಗುತ್ತೇನೆ.

ಸರಿ ಸರಿ, ಒಂದೇ.