ಬೆನ್ನಿಗೆ ತಕ್ಕ ಅಂಗಿ

ಹಗಲು ಕಿರಿದಾಗುವ ತಿಂಗಳು ಬಂತೆಂದರೆ ಆ ಬೀದಿಯಲ್ಲಿ ಎಲ್ಲರಿಗೂ ಸ್ವಲ್ಪ ಮೈಭಾರ. ಅಂಗಡಿಗಳು ತಡವಾಗಿ ತೆರೆಯುತ್ತವೆ. "ಹವಾನೇ ಹಾಗಿದೆ ಬಿಡಿ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಸುಮ್ಮನಾಗುತ್ತಾರೆ. ಮೂಲೆಯ ಹೊಲಿಗೆ ಅಂಗಡಿಯ ಮಾಸ್ಟರ್ ವಿಷಯದಲ್ಲೂ ಎಲ್ಲರೂ ಹಾಗೆಯೇ ಸುಮ್ಮನಾಗಿದ್ದರು.

ಅವರನ್ನು ಬೀದಿಯವರು 'ಅಳತೆ ಮಾಸ್ಟರ್' ಎನ್ನುತ್ತಿದ್ದರು. ಮೆಟ್ಟಿಲು ಹತ್ತಿ ಬರುವವರನ್ನು ನೋಡಿಯೇ "ಎದೆ ಮೂವತ್ತೆಂಟು, ಎಡಭುಜ ಅರ್ಧ ಇಂಚು ಇಳಿದಿದೆ" ಎಂದುಬಿಡುತ್ತಿದ್ದರು. ಟೇಪು ಹಿಡಿದು ನೋಡಿದರೆ ಅಷ್ಟೇ ಇರುತ್ತಿತ್ತು.

ಈ ವರ್ಷ ಮೋಡ ಮುಚ್ಚಿದ ಮೇಲೆ ಅವರು ಹೊಲಿಗೆ ಯಂತ್ರವನ್ನು ಕಿಟಕಿಯ ಬಳಿಯಿಂದ ಒಳಕೋಣೆಗೆ ಎಳೆಸಿದರು. ಹನ್ನೊಂದು ಗಂಟೆ ಮಲಗಿದರೂ ಎದ್ದಾಗ ಕಣ್ಣು ಉರಿ. ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ದೊಡ್ಡ ಕತ್ತರಿ ಎತ್ತಿದರೆ ಮೊಣಕೈವರೆಗೆ ನೋವು. ಮೂರು ವಾರದ ಬಟ್ಟೆ ಕತ್ತರಿಸದೆ ಕಪಾಟಿನಲ್ಲಿ ಬಿದ್ದಿತ್ತು.

ಗುಂಡಿ ಹಚ್ಚುವ ಕೆಲಸ ಮಾಡುತ್ತಿದ್ದ ಹೆಂಡತಿ ಒಂದು ಬೆಳಿಗ್ಗೆ ಅವರನ್ನು ಎಬ್ಬಿಸಲು ಹೋದಾಗ, ಅಂಗಡಿಯ ಹಿಂದಿನ ಮನೆಯಲ್ಲಿ ಜೊತೆಯಲ್ಲೇ ಇದ್ದ ಮಾಸ್ಟರ್ ಅಕ್ಕ ತಡೆದಳು.

"ಎಬ್ಬಿಸ್ಬೇಡ ಕಣೇ, ಮಲಗ್ಲಿ. ನಮ್ಮ ಮನೆಯವರ ಮೈನೇ ಹಾಗೆ. ಬಿಸಿಲು ಬಂದ್ರೆ ತಾನೇ ಏಳ್ತಾನೆ."

ಹೆಂಡತಿಗೆ ಅದು ಹೊಸ ಮಾತಲ್ಲ. ನಾಲ್ಕು ವರ್ಷದ ಹಿಂದೆ, ಇದೇ ತಿಂಗಳಲ್ಲಿ, ಇದೇ ಬಾಗಿಲಲ್ಲಿ ನಿಂತು ಅಕ್ಕ ಇದೇ ಮಾತು ಆಡಿದ್ದಳು. ಆಗ ಒಳಗೆ ಮಲಗಿದ್ದವನು ಮಾಸ್ಟರ್ ತಮ್ಮ. ಅವನು ಬಿಸಿಲಿನ ತನಕ ಕಾಯಲಿಲ್ಲ. ತನ್ನ ಜೀವ ತಾನೇ ಕಳೆದುಕೊಂಡ. ಆಮೇಲೆ ಆ ಮನೆಯಲ್ಲಿ ಯಾರೂ ಅವನ ಮಾತೆತ್ತಿರಲಿಲ್ಲ.

ಆ ದಿನವೇ ಮಧ್ಯಾಹ್ನಕ್ಕೆ ಮೊದಲು ಒಬ್ಬ ಗಿರಾಕಿ ಬಂದರು. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುವ ಮೇಡಂ. ತೋಳು ಗಿಡ್ಡ ಮಾಡಲು ಬಿಳಿ ಕೋಟು ಕೊಟ್ಟು ಇಪ್ಪತ್ತು ದಿನವಾಗಿತ್ತು.

"ಮಾಸ್ಟ್ರೇ, ನನ್ನ ಕೋಟು ನಿವೃತ್ತಿಗೆ ಮೊದಲು ಸಿಗುತ್ತಾ?"

ನಗಲು ಪ್ರಯತ್ನಿಸುತ್ತಾ ಮಾಸ್ಟರ್ ಎದ್ದರು. ಎರಡೂ ಕೈಯಿಂದ ಮೇಜು ಒತ್ತಿ, ಉಸಿರು ಬಿಗಿಹಿಡಿದು. ಮೇಡಂ ನಗು ನಿಂತಿತು.

"ಯಾವಾಗಿನಿಂದ ಹೀಗೆ?"

"ವಯಸ್ಸಾಯ್ತಲ್ಲ ಮೇಡಂ."

"ನಲವತ್ತಾರಕ್ಕಾ? ಬನ್ನಿ, ಆ ಗೋಡೆಗೆ ಒರಗಿ ನಿಲ್ಲಿ."

"ಗೋಡೆಗೆ ಒರಗಿ ನಿಲ್ಲೋಕೆ ಡಿಗ್ರಿ ಓದ್ಬೇಕಾ?"

"ನಿಲ್ಲೋಕೆ ಬೇಡ. ನಿಮ್ಮಂಥೋರನ್ನ ನಿಲ್ಲಿಸೋಕೆ ಬೇಕು."

ಹಿಮ್ಮಡಿ ತಾಗಿತು, ಬೆನ್ನು ತಾಗಿತು. ತಲೆ ತಾಗಲಿಲ್ಲ. ಗೋಡೆಗೂ ತಲೆಗೂ ನಡುವೆ ಮೇಡಂ ನಾಲ್ಕು ಬೆರಳು ಆರಾಮವಾಗಿ ತೂರಿದವು. ಆಮೇಲೆ ಅವರು ಅಂಗಿ ನೋಡಿದರು.

"ಇಷ್ಟು ಬಗ್ಗಿದ ಬೆನ್ನಿಗೆ ಅಂಗಿ ಹಿಂದೆ ಮೇಲಕ್ಕೆ ಎಳೆದುಕೊಳ್ಬೇಕಿತ್ತು. ಒಂದು ಸುಕ್ಕೂ ಇಲ್ವಲ್ಲ?"

ಎಷ್ಟೋ ದಿನದ ಮೇಲೆ ಮಾಸ್ಟರ್ ದನಿಯಲ್ಲಿ ಸ್ವಲ್ಪ ಜಂಬ ಇಣುಕಿತು. "ನಾನೇ ಹೊಲಿದಿದ್ದು. ಹಿಂದೆ ಒಂದೂವರೆ ಇಂಚು ಉದ್ದ ಬಿಟ್ಟಿದ್ದೀನಿ, ಮುಂದೆ ಅಷ್ಟೇ ಕಮ್ಮಿ ಮಾಡಿದ್ದೀನಿ. ಮೈ ಹೇಗಿದೆಯೋ ಹಾಗೆ ಬಟ್ಟೆ ಕತ್ತರಿಸೋದೇ ನಮ್ಮ ಕಸುಬು."

"ಎಷ್ಟು ವರ್ಷದಿಂದ ಹೀಗೆ ಬಿಡ್ತಾ ಇದ್ದೀರಿ?"

ಹೆಂಡತಿ ಅಳತೆ ಪುಸ್ತಕ ತೆಗೆದು ಗಂಡನ ಪುಟ ಬಿಡಿಸಿದಳು. ಮೂರು ವರ್ಷ, ಮೂರು ಅಂಗಿ, ಮೂರೂ ಈ ಕತ್ತಲ ತಿಂಗಳು ಶುರುವಾಗುವಾಗ ಹೊಲಿದವು. ಬೆನ್ನಿನ ಉದ್ದ ಮೊದಲು ಅರ್ಧ ಇಂಚು ಹೆಚ್ಚು, ಆಮೇಲೆ ಒಂದು, ಈಗ ಒಂದೂವರೆ.

ಎದುರು ಪುಟ ತಮ್ಮನದು. ಅಲ್ಲೂ ಅದೇ ಅಕ್ಷರ. ಅರ್ಧ, ಒಂದು, ಒಂದೂವರೆ. ಅದರ ಕೆಳಗೆ ಪುಟ ಖಾಲಿ.

ಬಾಗಿಲಲ್ಲಿ ನಿಂತಿದ್ದ ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಆ ಸಲ ಅವನ ಅಂಗಿ ತುಂಬಾ ಚೆನ್ನಾಗಿ ಕೂತಿತ್ತು," ಎಂದರು ಮಾಸ್ಟರ್. "ನಾನೇ ಬೆನ್ನು ತಟ್ಟಿ ಕಳಿಸಿದ್ದೆ."

ಆ ತಮ್ಮ ಹೇಗೆ ಹೋದನೆಂದು ಬೀದಿಯವರಂತೆ ಮೇಡಂಗೂ ಗೊತ್ತಿತ್ತು. ಸ್ಟೂಲು ಎಳೆದು ಮಾಸ್ಟರ್ ಎದುರು ಕುಳಿತರು.

"ಬೆನ್ನು ಬಗ್ಗಿದ್ದಕ್ಕೆ ಅವರು ಹೋಗ್ಲಿಲ್ಲ ಮಾಸ್ಟ್ರೇ. ನಿಮ್ಮಿಂದಲೂ ಹೋಗ್ಲಿಲ್ಲ. ಅವರಿಗೊಂದು ಕಾಯಿಲೆ ಇತ್ತು ಅನ್ಸುತ್ತೆ, ಯಾರೂ ಗುರುತಿಸ್ಲಿಲ್ಲ. ಈಗ ನಿಮ್ಮನ್ನ ಒಂದು ಮಾತು ನೇರವಾಗಿ ಕೇಳ್ತೀನಿ. ನಿಮಗೂ ಈ ಬದುಕು ಸಾಕು ಅನ್ನಿಸಿದ್ಯಾ?"

"ಅಯ್ಯೋ, ಅಂಥ ಮಾತು ಕೇಳಿ ತಲೆಗೆ ಹುಳ ಬಿಡ್ಬೇಡಿ!" ಎಂದಳು ಅಕ್ಕ.

"ಕೇಳಿದ್ರೆ ಆ ಯೋಚನೆ ಹುಟ್ಟಲ್ಲ ಅಕ್ಕ. ಇದ್ರೆ ಹೊರಗೆ ಬರುತ್ತೆ, ಅಷ್ಟೇ."

ಮಾಸ್ಟರ್ ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

"ಅನ್ನಿಸಿದೆ," ಎಂದರು.

ಹೆಂಡತಿ ಅವರ ಕೈ ಹಿಡಿದುಕೊಂಡಳು. ಟೇಪು ಇಬ್ಬರ ಕೈಗೂ ಸುತ್ತಿಕೊಂಡಿತ್ತು. ಆ ಮಧ್ಯಾಹ್ನ ಅಂಗಡಿ ಮುಚ್ಚಿತು. ಮೇಡಂ ಜೊತೆಯಲ್ಲೇ ಹೋಗಿ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿದರು. ವೈದ್ಯರು ರಕ್ತ ಪರೀಕ್ಷೆ ಮಾಡಿಸಿದರು, ಔಷಧಿ ಬರೆದರು. ಅವರನ್ನು ಒಬ್ಬರನ್ನೇ ಬಿಡಬೇಡಿ, ವಾರ ವಾರ ಕರೆತನ್ನಿ ಎಂದರು. ಪ್ರತಿ ವರ್ಷ ಬಿಸಿಲು ಕುಗ್ಗಿದಾಗ ಬಂದು, ಬಿಸಿಲು ಬಲಿತಾಗ ಹೋಗುವ ಖಿನ್ನತೆ ಇದು ಎಂದರು. ಭುಜ, ಬೆನ್ನು, ನಡಿಗೆಯನ್ನು ಫಿಸಿಯೋ ಮೇಡಂಗೆ ಒಪ್ಪಿಸಿದರು.

ಮರುದಿನ ಅಕ್ಕ ಮೇಡಂ ಎದುರು ಸೊಂಟಕ್ಕೆ ಕೈಕೊಟ್ಟು ನಿಂತಳು.

"ಔಷಧಿ ಸರಿ. ಕೈಕಾಲು ಆಡಿಸಿದ್ರೆ ದುಃಖ ಹೋಗುತ್ತಾ? ಹಾಗಿದ್ರೆ ಸಾವಿನ ಮನೆಗೆಲ್ಲ ನಿಮ್ಮನ್ನೇ ಕರೆಸ್ಬಹುದಿತ್ತು."

"ದುಃಖ ನನ್ನ ಕೈಲಿಲ್ಲ ಅಕ್ಕ. ನೋಡಿ, ಬೆಳಕು ಕಮ್ಮಿಯಾದ್ರೆ ಮೈಯೊಳಗಿನ ಗಡಿಯಾರ ತಪ್ಪುತ್ತೆ. ಕೈಕಾಲಿಗೆ ಕಲ್ಲು ಕಟ್ಟಿದ ಹಾಗಾಗುತ್ತೆ, ಮಲಗ್ತಾರೆ. ಮಲಗಿ ಮಲಗಿ ಕೀಲು ಬಿಗಿಯುತ್ತೆ, ಮಾಂಸಖಂಡ ಸೊರಗುತ್ತೆ. ನೋವು ಅಂತ ಇನ್ನಷ್ಟು ಮಲಗ್ತಾರೆ, ಮನಸ್ಸು ಇನ್ನಷ್ಟು ಕುಸಿಯುತ್ತೆ. ದಾರ ಗಂಟು ಬಿದ್ರೆ ಮಾಸ್ಟ್ರು ಏನ್ ಮಾಡ್ತಾರೆ?"

"ಎಲ್ಲಿ ಸಡಿಲ ಇದೆಯೋ ಅಲ್ಲಿಂದ ಬಿಡಿಸ್ತೀನಿ," ಎಂದರು ಒಳಗಿನಿಂದ ಮಾಸ್ಟರ್.

"ನಾನೂ ಅಷ್ಟೇ. ಮನಸ್ಸಿನ ಕಡೆಯಿಂದ ಡಾಕ್ಟರು ಬಿಡಿಸ್ಲಿ, ಮೈ ಕಡೆಯಿಂದ ನಾನು."

ಮೇಡಂ ಹೇಳಿಕೊಟ್ಟದ್ದು ನೋಡಲು ಸಣ್ಣ ಕೆಲಸ. ಬಾಗಿಲ ಚೌಕಟ್ಟಿಗೆ ಎರಡೂ ಮುಂಗೈ ಊರಿ ನಿಧಾನವಾಗಿ ಎದೆ ಅಗಲಿಸುವುದು. ಬೆನ್ನಿನ ಮೇಲೆ ರೆಕ್ಕೆಯಂತಿರುವ ಭುಜದ ಮೂಳೆಗಳನ್ನು ಹತ್ತಿರ ತಂದು ಐದು ಎಣಿಸುವುದು. ಅರ್ಧ ಗಂಟೆಗೊಮ್ಮೆ ಯಂತ್ರದಿಂದ ಎದ್ದು ನಿಲ್ಲುವುದು. ಮೋಡವಿದ್ದರೂ ಸರಿ, ಬೆಳಿಗ್ಗೆ ಎದ್ದ ಕೂಡಲೇ ಹೊರಗಿನ ಬೆಳಕಿನಲ್ಲಿ ಹತ್ತು ನಿಮಿಷ ನಡೆಯುವುದು. ಯಂತ್ರ ಮತ್ತೆ ಕಿಟಕಿಗೆ. ಭುಜವನ್ನು ಮಾತ್ರ ವಾರಕ್ಕೆ ಎರಡು ಸಲ ಮೇಡಂ ತಾವೇ ಹಿಡಿದು ಬಿಡಿಸುತ್ತಿದ್ದರು. ಸಹಿಸಲಾಗದಷ್ಟು ನೋವಾದರೆ ನಿಲ್ಲಿಸಿ ಎಂದು ಮೊದಲೇ ಹೇಳಿದ್ದರು.

ಸುಲಭವಾಗಲಿಲ್ಲ. ಮೊದಲ ವಾರ ಎರಡು ದಿನ ಮಾಸ್ಟರ್ ಹೊಸ್ತಿಲಿನಿಂದಲೇ ಹಿಂದಿರುಗಿ ಗೋಡೆಗೆ ಮುಖ ಮಾಡಿ ಮಲಗಿದರು. ಮೂರನೆಯ ದಿನ ಅಕ್ಕ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಳು.

"ಏಳೋ. ನಡಿ."

"ಆಗಲ್ಲಕ್ಕ."

"ಗೊತ್ತು. ಮೂಲೆ ತನಕ ಆಗಲ್ಲ ಅಂತಾನೇ ಹೇಳ್ಕೊಂಡು ಹೋಗೋಣ." ಅವರ ಚಪ್ಪಲಿಯನ್ನು ಮುಂದಕ್ಕೆ ತಳ್ಳಿ ಹೇಳಿದಳು, "ಒಬ್ಬನ್ನ ಮಲಗೋಕೆ ಬಿಟ್ಟೆ ಕಣೋ. ಇನ್ನೊಬ್ಬನ್ನ ಬಿಡಲ್ಲ."

ಅವರು ಎದ್ದರು. ಇಬ್ಬರೂ ಮೂಲೆಯವರೆಗೆ ನಡೆದು ಬಂದರು.

ಏಳನೆಯ ವಾರ ಬಲಗೈ ಮೇಲಿನ ಹಲಗೆಯ ನೂಲಿನ ಉಂಡೆಗೆ ಎಟುಕಿತು. ಮೇಡಂ ಕೋಟು ಮುಗಿಯಿತು. ಕೆಟ್ಟ ದಿನಗಳು ಆಗಲೂ ಬರುತ್ತಿದ್ದವು. ಬಂದಾಗ ಅವರು ಹೆಂಡತಿಗೆ ಬಾಯಿಬಿಟ್ಟು ಹೇಳುತ್ತಿದ್ದರು. ಮೊದಲಿಗಿಂತ ಬೇರೆಯಾದದ್ದು ಅದು.

ಒಂದು ದಿನ ಹೊಸ ಅಂಗಿಗೆ ಬಟ್ಟೆ ಹರಡಿ, ಅಳೆಯಲು ಹೆಂಡತಿಯ ಕೈಗೆ ಟೇಪು ಕೊಟ್ಟರು.

"ಬೆನ್ನು ಇನ್ನೂ ಮುಕ್ಕಾಲು ಇಂಚು ಹೆಚ್ಚಿದೆ ರೀ. ಬಿಡ್ಲಾ?"

ಮಾಸ್ಟರ್ ಸೀಮೆಸುಣ್ಣ ಹಿಡಿದು ಬಟ್ಟೆಯ ಮೇಲೆ ಗೆರೆ ಎಳೆದರು.

"ಬೇಡ. ನೆಟ್ಟಗಿನ ಬೆನ್ನಿಗೇ ಕತ್ತರಿಸ್ತೀನಿ. ಈ ಸಲ ಮೈ ಬರ್ಲಿ ಅಂಗಿ ಹತ್ತಿರ."

ಆ ಅಂಗಿ ಹಿಂದೆ ಇನ್ನೂ ಸ್ವಲ್ಪ ಮೇಲಕ್ಕೆ ಎಳೆಯುತ್ತದೆ. ಅವರು ಹಾಗೆಯೇ ತೊಡುತ್ತಾರೆ. ತಮ್ಮನ ಪುಟವನ್ನು ಯಾರೂ ಹರಿದಿಲ್ಲ.

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೂ ಪ್ರತಿ ವರ್ಷ ಅದೇ ತಿಂಗಳಲ್ಲಿ ಯಾರಿಗಾದರೂ ನಿದ್ದೆ ಹೆಚ್ಚಿ, ಮೈ ಭಾರವಾಗಿ, ಭುಜ ಕುಸಿದು, ಮಾತು ನಿಲ್ಲುತ್ತದೆಯೇ? ಸೋಮಾರಿತನ ಎನ್ನಬೇಡಿ, ಮನೆತನದ ಮೈಕಟ್ಟು ಎನ್ನಬೇಡಿ. ವೈದ್ಯರಿಗೆ ತೋರಿಸಿ. ಮೈನೋವಿಗೆ, ಬಿಗಿದ ಕೀಲಿಗೆ ಫಿಸಿಯೋಥೆರಪಿ ಇದೆಯೇ ಎಂದು ಅಲ್ಲಿಯೇ ಕೇಳಿ. ಅದು ಔಷಧಿಗೆ ಬದಲಿಯಲ್ಲ, ಔಷಧಿಯ ಜೊತೆಗಾರ. ಬದುಕು ಸಾಕೆನಿಸಿದೆಯೇ ಎಂದು ಹೆದರದೆ ಕೇಳಿ. ಹೌದೆಂದರೆ ಒಬ್ಬರನ್ನೇ ಬಿಡದೆ, ಆ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಬಿಸಿಲು ಬರುವ ತನಕ ಕಾಯಬೇಡಿ.